ಆಕ್ಷೇಪಣೆ ಹುಡುಕಿಕೊಂಡು ಹೋದವರು

ಸರ್ಕಾರದ ಕರಡು ನಿಯಮವೊಂದು ಕೈಗೆ ಬಂದರೆ ಕೊನೆಯ ಪುಟದಿಂದ ಓದಲು ಶುರುಮಾಡುವವರನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ನಮ್ಮ ಕಚೇರಿಗೆ ಬರುತ್ತಿದ್ದ ಕರಡುಗಳ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು: ಆಕ್ಷೇಪಣೆ, ಸಲಹೆಗಳೇನಾದರೂ ಇದ್ದಲ್ಲಿ ಸಾರ್ವಜನಿಕರು ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು. ಉಳಿದವರೆಲ್ಲ ಆ ಸಾಲನ್ನು ಅಂಚೆ ಚೀಟಿಯ ಅಂಟಿನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಅವರು ಮಾತ್ರ ಅದನ್ನು ಮೊದಲು ಓದಿ, ಬೆರಳು ಮಡಚಿ ದಿನ ಎಣಿಸಿ, ಚಾಳೀಸು ಮೂಗಿನ ಮೇಲೆ ಸರಿಮಾಡಿಕೊಂಡು, ‘ಹೂಂ, ಟೈಮ್ ಐತಿ’ ಎಂದು ಮೊದಲ ಪುಟಕ್ಕೆ ಬರುತ್ತಿದ್ದರು.

ಹೋದ ತಿಂಗಳು ರಾಣೇಬೆನ್ನೂರಿನಿಂದ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದಳು ಅಂದರು. ಫೋನ್ ಇಟ್ಟು ಕೂತೆ. ದುಃಖವಾಯಿತು, ಸುಳ್ಳೇಕೆ. ಆದರೆ ಅವರನ್ನು ನೆನೆಯುತ್ತ ಹೋದಂತೆ ಕಣ್ಣೀರಿಗಿಂತ ಮೊದಲು ಮೈಗೆ ಹುರುಪು ಬರತೊಡಗಿತು. ಅವರ ಜೊತೆ ಕೆಲಸ ಮಾಡಿದ ಆ ಒಂದು ವರ್ಷ ಇವತ್ತಿಗೂ ನನ್ನನ್ನು ಕುರ್ಚಿಯಿಂದ ಎಬ್ಬಿಸಿಬಿಡುತ್ತದೆ. ಆ ಹುರುಪಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಹಾವೇರಿಯ ನಮ್ಮ ಕಚೇರಿ ಯಾವ ಇಲಾಖೆಯದು ಎಂಬುದು ಇಲ್ಲಿ ಬೇಡ. ಬೆಳೆ, ಗೋದಾಮು, ಮಾರಾಟ ಇಂಥವುಗಳ ನಿಯಮ ನೋಡಿಕೊಳ್ಳುವ ಸಣ್ಣದೊಂದು ಕಚೇರಿ ಎಂದಿಟ್ಟುಕೊಳ್ಳಿ. ನಾನು ಹೊಸದಾಗಿ ಸೇರಿದ ಗುಮಾಸ್ತ, ಅವರು ಹೆಡ್ ಕ್ಲಾರ್ಕ್. ಗಿಡ್ಡ ಆಳು, ಗಟ್ಟಿ ಧ್ವನಿ, ಯಾವಾಗಲೂ ವ್ಯಾನಿಟಿ ಬ್ಯಾಗಿನಲ್ಲಿ ಹುರಿದ ಶೇಂಗಾದ ಪೊಟ್ಟಣ. ದಿನಾ ರಾಣೇಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಕಚೇರಿಗೆ ಅವರು ನಡೆದು ಬರುವ ವೇಗಕ್ಕೆ ನಮ್ಮ ಜವಾನ ‘ಮೇಡಮ್ಮಾರ ಹಿಂದ ಯಾರರೆ ಬೆನ್ನ ಹತ್ಯಾರೇನು’ ಎಂದು ತಮಾಷೆ ಮಾಡುತ್ತಿದ್ದ. ತಾಳ್ಮೆ ಎಂಬುದು ಅವರಲ್ಲಿ ಕಡಿಮೆ. ಅರ್ಧ ಮಾತಿಗೇ ಬಾಯಿ ಹಾಕುತ್ತಿದ್ದರು. ಯಾರ ಹೆಸರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ಹೀಗಾಗಿ ಕಚೇರಿಯ ಗಂಡಸರೆಲ್ಲ ತಮ್ಮ, ಹೆಂಗಸರೆಲ್ಲ ತಂಗಿ.

ನಾನು ಸೇರಿದ ಮೊದಲ ತಿಂಗಳು ಒಂದು ಕರಡು ಬಂತು. ಇಂಥದ್ದು ಬಂದಾಗ ಮೂವತ್ತು ದಿನ ಕಳೆದ ಮೇಲೆ ಬೆಂಗಳೂರಿಗೆ ‘ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ’ ಎಂದು ಪತ್ರ ಕಳಿಸಬೇಕು ಅಂತ ಹಿಂದಿನ ಗುಮಾಸ್ತ ಹೇಳಿಕೊಟ್ಟಿದ್ದ. ನಾನು ಚುರುಕು ಹುಡುಗ. ಹತ್ತನೇ ದಿನಕ್ಕೇ ಪತ್ರ ಬರೆದು, ಮುಂದಿನ ತಾರೀಖು ಹಾಕಿ, ಅವರ ಮೇಜಿನ ಮೇಲಿಟ್ಟು ಶಾಭಾಸ್‌ಗಿರಿಗೆ ಕಾದು ನಿಂತೆ.

‘ಇನ್ನ ಇಪ್ಪತ್ತ ದಿನ ಅದಾವಲ್ಲೊ ತಮ್ಮಾ’ ಅಂದರು.

‘ಯಾರೂ ಬರಿಯೂದಿಲ್ಲರೀ ಮೇಡಮ್. ಈ ತನಕ ಒಂದೂ ಬಂದಿಲ್ಲಂತ.’

‘ಕರಡು ಎಲ್ಲಿ ಹಚ್ಚೀರಿ?’

ತೋರಿಸಿದೆ. ಕಚೇರಿಯ ಹಿಂಭಾಗದ ಗೋಡೆಗೆ ಗಾಜಿನ ನೋಟಿಸ್ ಬೋರ್ಡು, ಅದಕ್ಕೆ ಬೀಗ. ಬೀಗದ ಕೈ ಕಳೆದು ಯಾವ ಕಾಲವಾಗಿತ್ತೋ. ಹೊಸ ಕರಡನ್ನು ಗಾಜಿನ ಹೊರಗೆ, ಮೇಲ್ತುದಿಯಲ್ಲಿ ಅಂಟಿಸಿದ್ದೆವು. ಅವರು ಹಿಮ್ಮಡಿ ಎತ್ತಿ ನಿಂತು ಓದಲು ನೋಡಿದರು, ಆಗಲಿಲ್ಲ. ನನ್ನ ಕಡೆ ತಿರುಗಿ ಜೋರಾಗಿ ನಕ್ಕರು. ಆ ನಗೆಯಲ್ಲಿ ಸಿಟ್ಟೇ ಹೆಚ್ಚಿತ್ತು. ಒಳಗೆ ಬಂದು ನನ್ನ ಪತ್ರವನ್ನು ನಾಲ್ಕಾಗಿ ಮಡಚಿ ಶೇಂಗಾ ಸಿಪ್ಪೆ ಹಾಕಲು ಇಟ್ಟುಕೊಂಡರು.

ಜನ ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ, ಅವರನ್ನು ಯಾರೂ ಕೇಳಿಲ್ಲ ಅಂತ ಅರ್ಥ ಎನ್ನುವುದು ಮೇಡಮ್ ಅವರ ವಾದ. ಕೇಳುವುದಕ್ಕೂ ಅವರದೇ ರೀತಿ. ‘ಈ ನಿಯಮದ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಅವರು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ. ಹಾಗೆ ಕೇಳಿದರೆ ಜನ ಗಾಬರಿಯಾಗಿ, ಸರ್ಕಾರ ತಿಳಿದೇ ಮಾಡಿರುತ್ತದೆ ಅಂದುಬಿಡುತ್ತಾರೆ ಎನ್ನುತ್ತಿದ್ದರು. ಅವರ ಪ್ರಶ್ನೆ ಒಂದೇ: ‘ಈ ನಿಯಮ ಬಂದ ಮರುದಿನ ಮುಂಜಾನಿ ಎದ್ದು ನೀವು ಏನ್ ಮಾಡ್ತೀರಿ?’

ಈ ಪ್ರಶ್ನೆಯ ರುಚಿ ನಾನು ಮೊದಲು ಕಂಡದ್ದು, ಕಚೇರಿ ಕೆಲಸಕ್ಕೆಂದು ಅವರ ಜೊತೆ ಹತ್ತಿದ ರಾಣೇಬೆನ್ನೂರಿನ ಬಸ್ಸಿನಲ್ಲಿ. ಊರೊಳಗೆ ಕಾಯಿಪಲ್ಲೆ ಮಾರುವ ಗಾಡಿಗಳಿಗೆ ಹೊತ್ತು ಗೊತ್ತುಮಾಡುವ ಕರಡೊಂದು ಆಗ ಪೇಪರಿನ ಮೂಲೆಯಲ್ಲಿ ಬಂದಿತ್ತು. ನಮ್ಮ ಕಚೇರಿಗೂ ಅದಕ್ಕೂ ಸಂಬಂಧವಿಲ್ಲ. ಎದುರಿನ ಸೀಟಿನಲ್ಲಿ ಮೇಡ್ಲೇರಿ ಎಂಬ ಹಳ್ಳಿಯ ರೈತನೊಬ್ಬ ಮೆಂತ್ಯಪಲ್ಲೆಯ ಗಂಟು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಇವರು ಪೇಪರು ಓದಿ ಹೇಳಿ, ಮರುದಿನ ಮುಂಜಾನೆಯ ಪ್ರಶ್ನೆ ಕೇಳಿದರು. ಅವನು ಸ್ವಲ್ಪ ಯೋಚಿಸಿ, ‘ನಮ್ಮೂರ ಮೊದಲನೇ ಬಸ್ಸ ಆ ಟೈಮಿಗೆ ಬರೂದ ಇಲ್ಲಲ್ರಿ ಬಾಯಾರ. ಬರೂದ್ರಾಗ ಮಾರೂ ಹೊತ್ತ ಮುಗದಿರತೈತಿ’ ಅಂದ. ಇವರು ಸೀಟಿನಿಂದ ಎದ್ದೇಬಿಟ್ಟರು. ‘ನೋಡಿದ್ಯಾ ತಮ್ಮಾ, ಬಸ್ಸಿನ ಟೈಮು ಬರದವರಿಗೆ ಗೊತ್ತಿಲ್ಲ, ಇವಂಗ ಗೊತ್ತೈತಿ’ ಎಂದು ನನ್ನ ಭುಜ ಅಲ್ಲಾಡಿಸಿದರು. ಕಂಡಕ್ಟರು ಟಿಕೆಟಿನ ಜಗಳವೇನೋ ಎಂದು ಓಡಿ ಬಂದ. ಬಸ್ಸಿಳಿದ ಕೂಡಲೇ ಆ ಮನುಷ್ಯನಿಂದ ಒಂದು ಪುಟದ ಪತ್ರ ಬರೆಸಿ ತಾವೇ ಪೋಸ್ಟ್ ಮಾಡಿದರು.

ಇನ್ನು ಬ್ಯಾಡಗಿಯ ಕತೆಗೆ ಬರುತ್ತೇನೆ. ಅವರ ನಿವೃತ್ತಿಗೆ ನಾಲ್ಕೈದು ತಿಂಗಳು ಇದ್ದಾಗ ಮೆಣಸಿನಕಾಯಿಯ ಮೇಲೊಂದು ಕರಡು ಬಂತು. ಮಾಲು ಶುಚಿಯಾಗಿರಬೇಕು ಎಂಬುದು ಉದ್ದೇಶ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಕಲಮು ಹೀಗಿತ್ತು: ಕಾಯಿಯ ತೊಟ್ಟು ಬಿಡಿಸುವ ಕೆಲಸ ಪರವಾನಗಿ ಪಡೆದ, ಗಾರೆ ನೆಲದ ಶೆಡ್ಡಿನಲ್ಲಿ ಮಾತ್ರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಡೆಯತಕ್ಕದ್ದು. ಬ್ಯಾಡಗಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ವ್ಯಾಪಾರಿಗಳಿಂದ ಚೀಲ ಮನೆಗೆ ತಂದು, ಪಡಸಾಲೆಯಲ್ಲಿ ಸುರುವಿಕೊಂಡು, ತೊಟ್ಟು ಬಿಡಿಸಿ ಒಪ್ಪಿಸುತ್ತಾರೆ. ಈ ಕಲಮು ಹಾಗೇ ಜಾರಿಯಾದರೆ ಅವರು ಮನೆಯಲ್ಲಿ ಕೂತು ಮಾಡುವ ಈ ಕೆಲಸ ನಿಂತಂತೆ.

ಮೇಡಮ್ಮು ಅದನ್ನು ಓದಿ, ‘ಬ್ಯಾಡಗ್ಯಾಗ ಸಭೆ ಮಾಡೋಣು. ಹೆಣ್ಮಕ್ಕಳು ಬಂದು ಹೇಳಲಿ’ ಅಂದರು. ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಇಷ್ಟವಿರಲಿಲ್ಲ. ‘ಆಕ್ಷೇಪಣೆ ಬರಲಿಲ್ಲಂದ್ರ ಕೆಲಸ ಸಲೀಸರೀ. ನೀವ ಹೋಗಿ ಕರಕೊಂಡು ಬರ್ತೀರಲ್ಲ’ ಎಂದರು.

‘ಈಗ ನಾವು ಕರೀಲಿಲ್ಲಂದ್ರ ಆಮ್ಯಾಲೆ ಅವರ ಬರತಾರ್ರಿ ಸಾಹೇಬ್ರ. ಆವಾಗ ನಮ್ಮ ಕುರ್ಚಿ ಸಾಲೂದಿಲ್ಲ’ ಅಂದರು ಇವರು. ಸಾಹೇಬರು ನಕ್ಕು ಒಪ್ಪಿದರು.

ಅಷ್ಟರಲ್ಲಿ ತಂಗಿಯ ಕಣ್ಣಿನ ಆಪರೇಶನ್ನಿಗೆ ಮೇಡಮ್ಮು ಧಾರವಾಡಕ್ಕೆ ಹೋಗಬೇಕಾಯಿತು. ಹೋಗುವಾಗ ‘ಸಭೆ ನೀನ ನಡಸು ತಮ್ಮಾ’ ಎಂದು ಹೇಳಿಹೋದರು. ನನಗೆ ಆಕಾಶ ಮೂರೇ ಗೇಣು. ಅವರು ಬಂದು ನೋಡಿ ಬೆರಗಾಗಬೇಕು, ಹಾಗೆ ನಡೆಸಬೇಕು ಎಂದು ನಿಶ್ಚಯಿಸಿದೆ.

ನಡೆಸಿದೆ. ಕಲ್ಯಾಣ ಮಂಟಪ ಹಿಡಿದೆ. ವೇದಿಕೆ, ಮೈಕು, ಬ್ಯಾನರು, ಪ್ರಾರ್ಥನೆ ಹಾಡಲು ಇಬ್ಬರು ಹುಡುಗಿಯರು, ನಿರೂಪಣೆಗೆ ಒಬ್ಬ ಮಾಸ್ತರು. ಹಾವೇರಿಯವರಾದ ನಮಗೆ ಯಾರೇ ದೊಡ್ಡವರು ಬರಲಿ, ಏಲಕ್ಕಿ ಮಾಲೆ ಹಾಕದಿದ್ದರೆ ಅದು ಸಭೆಯೇ ಅಲ್ಲ. ಐದು ಮಾಲೆ ಕಟ್ಟಿಸಿದೆ. ಸಾಹೇಬರಿಗೆ ಮಾಲೆ ಹಾಕಲು ತೊಟ್ಟು ಬಿಡಿಸುವ ಹೆಣ್ಣುಮಕ್ಕಳಲ್ಲೇ ಒಬ್ಬಳಿರಲಿ ಎಂಬ ಘನವಾದ ವಿಚಾರವೂ ನನಗೇ ಹೊಳೆಯಿತು. ಗಂಗವ್ವ ಎಂಬಾಕೆಯನ್ನು ಆರಿಸಿದೆ. ಆಕೆ ರೇಷ್ಮೆ ಸೀರೆ ಉಟ್ಟು ಬಂದು, ಮಾಲೆ ಹಾಕಿ, ಇಳಿದುಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಐವರು ಭಾಷಣ ಮಾಡಿದರು. ಹೆಣ್ಣುಮಕ್ಕಳು ಪ್ರತಿ ಭಾಷಣಕ್ಕೂ ಚಪ್ಪಾಳೆ ತಟ್ಟಿದರು. ವಂದನಾರ್ಪಣೆ, ಶಿರಾ, ಉಪ್ಪಿಟ್ಟು, ಚಹಾ. ‘ಸಭೆಯು ಅತ್ಯಂತ ಯಶಸ್ವಿಯಾಗಿ ಜರುಗಿತು’ ಎಂದು ವರದಿ ಬರೆದಿಟ್ಟೆ.

ಮೇಡಮ್ಮು ಮರಳಿ ಬಂದವರೇ, ‘ಯಾರು ಏನಂದ್ರು?’ ಎಂದರು.

‘ಎಲ್ಲಾರೂ ಭಾಳ ಖುಷಿಯಾದ್ರುರೀ. ಚಪ್ಪಾಳಿ ಮ್ಯಾಲೆ ಚಪ್ಪಾಳಿ.’

‘ಹೆಣ್ಮಕ್ಕಳು ಏನಂದ್ರು ಅಂದೆ.’

ನಾನು ಫೋಟೋ ತೋರಿಸಿದೆ. ಮಾಲೆ ಹಾಕುತ್ತಿರುವ ಗಂಗವ್ವನ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು. ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

‘ಆಕಿ ಕೆಲಸ ಕಸಗೊಳ್ಳು ನಿಯಮ ತಂದವರ ಕೊಳ್ಳಾಗ ಆಕಿ ಕೈಲೇನ ಮಾಲಿ ಹಾಕಿಸಿದಿ. ಆಕಿಗೆ ಒಂದ ಮಾತು ಕೇಳಲಿಲ್ಲ.’

ಫೋಟೋಗಳನ್ನು ಒಟ್ಟುಮಾಡಿಕೊಂಡು ನನ್ನ ಕುರ್ಚಿಗೆ ಬಂದು ಕೂತೆ. ಅಷ್ಟೊಂದು ನಾಚಿಕೆ ನನಗೆ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅವರು ಕೊನೆಯ ಪುಟ ತೆಗೆದು ಬೆರಳು ಮಡಚಿ ಎಣಿಸಿದರು. ಇನ್ನು ಆರು ದಿನ ಉಳಿದಿತ್ತು. ‘ಟೈಮ್ ಐತಿ, ಏಳು’ ಅಂದರು. ನನ್ನ ಮೇಲಿನ ಸಿಟ್ಟು ಅಲ್ಲಿಗೇ ಮುಗಿಯಿತು. ಇದೂ ಅವರ ಗುಣ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಬ್ಯಾಡಗಿಯಲ್ಲಿದ್ದೆವು. ಗಂಗವ್ವನ ಓಣಿ. ಆಕೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳನ್ನು ಕರೆಸಿ, ಮೇಡಮ್ಮು ಕುರ್ಚಿ ಬೇಡವೆಂದು ಕೆಂಪು ರಾಶಿಯ ಪಕ್ಕದಲ್ಲೇ ಕೂತರು. ತಾವೂ ಒಂದೊಂದೇ ಕಾಯಿ ತಗೊಂಡು ತೊಟ್ಟು ಬಿಡಿಸತೊಡಗಿದರು. ಹತ್ತು ಕಾಯಿ ಬಿಡಿಸುವಷ್ಟರಲ್ಲಿ ಸೀನು ಶುರುವಾಯಿತು. ಎರಡು ಸೀನಿನ ನಡುವೆ ಒಂದು ಕಲಮು ಓದುವುದು, ಮತ್ತೆ ಸೀನುವುದು. ಹೆಣ್ಣುಮಕ್ಕಳು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ಮುಚ್ಚುಮರೆ ಇಲ್ಲದೆ ನಕ್ಕರು. ಗಂಗವ್ವ ಒಂದು ಚರಿಗೆ ನೀರು ತಂದುಕೊಟ್ಟು, ‘ಕಾಯಿ ಹಂಗ ಹಿಡೀಬ್ಯಾಡ್ರಿ ಅಕ್ಕಾರ’ ಎಂದು ಕಲಿಸಿಕೊಟ್ಟಳು. ನನ್ನ ಕಲ್ಯಾಣ ಮಂಟಪದಲ್ಲಿ ಒಂದು ಮಾತೂ ಆಡದವಳು ಇವಳೇನಾ ಎನಿಸಿತು.

ಆದರೂ ಕರಡು ಓದಿ ಮುಗಿಸಿದಾಗ ಅದೇ ಹಳೆಯ ಉತ್ತರ: ‘ಸರಕಾರದವ್ರು ತಿಳದವ್ರು, ಅವರು ಹೇಳಿದಂಗ ಆಗ್ಲಿರಿ.’

ಮೇಡಮ್ಮು ಗಂಗವ್ವನ ಕಡೆ ತಿರುಗಿದರು. ‘ಅದಿರಲಿ ಗಂಗವ್ವ, ಈ ನಿಯಮ ಬಂದ ಮರುದಿನ ಮುಂಜಾನಿ ಎದ್ದು ನೀ ಏನ್ ಮಾಡ್ತಿ?’

‘ಮುಂಜಾನಿ ಎದ್ದು ನಮ್ಮತ್ತೀನ್ನ ಮಗ್ಗಲಾ ಹೊಳ್ಳಿಸಿ ಮಲಗಸ್ತೇನ್ರಿ. ಒಳಗ ಅದಾಳ ನೋಡ್ರಿ. ಒಂದ ಕಡಿ ಕೈಕಾಲು ಬಿದ್ದಾವು. ತಾಸ ಎರಡ ತಾಸಿಗೆ ಹೊಳ್ಳಿಸಲಿಲ್ಲಂದ್ರ ಬೆನ್ನಿಗೆ ಹುಣ್ಣ ಆಗ್ತಾವು. ಆಮ್ಯಾಲೆ ಇಲ್ಲಿ ಚೀಲ ಸುರುವಿಕೊಂಡು ಕುಂದ್ರತೇನಿ. ನಿಯಮ ಬಂತಂದ್ರ...’ ಗಂಗವ್ವನ ಕೈ ನಿಂತಿತು. ‘ನಿಯಮ ಬಂತಂದ್ರ ಆಕೀನ್ನ ಯಾರ ಮ್ಯಾಲೆ ಬಿಟ್ಟು ಶೆಡ್ಡಿಗೆ ಹೋಗ್ಲಿರಿ? ಚೀಲ ಬಿಡಬೇಕಾಕ್ಕೈತಿ. ಮನಿಗೆ ರೊಕ್ಕ ಅಂತ ಬರೂದು ಇದೊಂದ ಐತಿ ನಮಗ.’

ಆಮೇಲೆ ಮೂಲೆಯಲ್ಲಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು, ಅಲ್ಲಿಯತನಕ ತಲೆಯೇ ಎತ್ತದವಳು, ‘ಒಂಬತ್ತಕ್ಕ ಶುರು ಮಾಡಂತ ಬರದವ ಕಾಯಿ ಮುಟ್ಟ್ಯಾನೇನ್ರಿ?’ ಎಂದಳು. ‘ನಸುಕಿನ್ಯಾಗ ಇಬ್ಬನಿಗೆ ಕಾಯಿ ಮೆತ್ತಗಿರತೈತಿ. ತೊಟ್ಟು ಎಳದ್ರ ಸಲೀಸ ಬರತೈತಿ. ಬಿಸಲ ಏರಿತಂದ್ರ ಗರಿಗರಿ ಆಗಿ ಕಾಯಿ ಒಡದು ಬೀಜೆಲ್ಲಾ ಉದರತಾವು. ಮಾಲು ಛಲೋ ಇರಲಿ ಅಂತ ನಿಯಮ ಮಾಡಿ, ಮಾಲು ಕೆಡು ಹೊತ್ತಿಗೆ ಕೆಲಸಾ ಹಚ್ಚತಾರಲ್ರಿ.’

ಮೇಡಮ್ಮು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಕಣ್ಣು ಮೂಗು ಘಾಟಿಗೆ ಸುರಿಯುತ್ತಿವೆ, ಮುಖ ಮಾತ್ರ ಬೆಳಗುತ್ತಿದೆ. ‘ಬರ್ಕೊ ತಮ್ಮಾ, ಬರ್ಕೊ’ ಅಂದರು. ಅಲ್ಲಿಂದ ಮಾತಿಗೆ ತಡೆಯೇ ಇಲ್ಲ. ಒಬ್ಬಳು ಮುಗಿಸುವ ಮೊದಲೇ ಇನ್ನೊಬ್ಬಳು. ನನ್ನ ಪೆನ್ನು ಓಡುತ್ತಿಲ್ಲ, ಪಕ್ಕದ ಮನೆಯವರೂ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಯಾರೋ ಚಹಾ ತಂದಿದ್ದಾರೆ, ಕುಡಿಯಲು ಯಾರಿಗೂ ಪುರುಸೊತ್ತಿಲ್ಲ. ಒಂದು ಕರಡು ನಿಯಮದ ಮೇಲೆ ಜನ ಹೀಗೆ ಮೈದುಂಬಿ ಮಾತಾಡಬಲ್ಲರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನಗೇ ಎದ್ದು ಕುಣಿಯಬೇಕೆನಿಸುತ್ತಿತ್ತು.

ನಾನು ರೂಢಿಯಂತೆ ‘ಸದರಿ ಮಹಿಳೆಯು ಕೌಟುಂಬಿಕ ಕಾರಣಗಳ ನಿಮಿತ್ತ’ ಎಂದು ಶುರುಮಾಡಿದ್ದೆ. ಅವರು ಇಣುಕಿ ನೋಡಿ ಅದನ್ನು ಹೊಡೆದುಹಾಕಿಸಿದರು. ‘ಅತ್ತೀನ್ನ ಹೊಳ್ಳಿಸಬೇಕು ಅಂದಾಳ, ಹಂಗ ಬರಿ. ಎಲ್ಲಾರದೂ ಒಂದ ನಮೂನಿ ಬರದು ಸಹಿ ಮಾಡಿಸಬ್ಯಾಡ. ಒಂದ ನಮೂನಿ ನೂರ ಪತ್ರಕ್ಕ ಅವರು ಒಂದ ಪತ್ರ ಅಂತಾರ.’ ಹೀಗೆ ಪ್ರತಿಯೊಬ್ಬಳದೂ ಬೇರೆ ಕಾಗದ, ಅವಳವಳದೇ ಮಾತು. ಗಂಗವ್ವ ‘ಏಳನೇತ್ತಾ ತನಕ ಓದೇನ್ರಿ’ ಎಂದು ತನ್ನದನ್ನು ತಾನೇ ಬರೆದಳು. ಎರಡು ದಿನ ಓಣಿ ಓಣಿ ತಿರುಗಿ, ಗಡುವಿನ ಹಿಂದಿನ ದಿನ ಕಾಗದಗಳನ್ನೆಲ್ಲ ಕಟ್ಟಿ ಬೆಂಗಳೂರಿಗೆ ಕಳಿಸಿದೆವು. ಸಾಹೇಬರು ಎರಡು ಮೂರು ಕಾಗದ ಓದಿ, ನಗುವುದು ಬಿಟ್ಟು ತಾವೂ ಒಂದು ಶಿಫಾರಸು ಬರೆದು ಲಗತ್ತಿಸಿದರು.

ಅಂತಿಮ ನಿಯಮ ಬರುವಷ್ಟರಲ್ಲಿ ಮೇಡಮ್ಮು ನಿವೃತ್ತರಾಗಿದ್ದರು. ರಾಜ್ಯಪತ್ರ ಕೈಗೆ ಸಿಕ್ಕ ಕೂಡಲೇ ಅರ್ಧ ದಿನ ರಜೆ ಹಾಕಿ ರಾಣೇಬೆನ್ನೂರಿನ ಬಸ್ಸು ಹಿಡಿದೆ. ಬಸ್ಸಿನಲ್ಲಿ ಅದೇ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಶುಚಿಯಾದ ತಾಡಪತ್ರಿ ಹಾಸಿ ಮನೆಯಲ್ಲಿ ತೊಟ್ಟು ಬಿಡಿಸುವವರಿಗೆ ಪರವಾನಗಿ ಬೇಕಿಲ್ಲ. ಶೆಡ್ಡುಗಳಲ್ಲಿ ಕೆಲಸ ಸೂರ್ಯೋದಯದಿಂದ ಶುರುವಾಗಬಹುದು.

ಅವರು ಕಟ್ಟೆಯ ಮೇಲೆ ಕೂತು ಪೂರ್ತಿ ಓದಿದರು. ಮುಖ ಅರಳಿತು. ನನ್ನ ಬೆನ್ನಿಗೊಂದು ಗುದ್ದು ಬಿತ್ತು. ಆ ಗುದ್ದಿನ ಸಂತೋಷ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ, ‘ಬೆಂಗಳೂರಿನವರು ಒಪ್ಪಲಾರದ್ದು ಯಾವ್ಯಾವು?’ ಎಂದು ಕೇಳಿದರು.

ಕೆಲವಿದ್ದವು ಎಂದೆ.

‘ಯಾಕ ಒಪ್ಪಲಿಲ್ಲ ಅಂತ ಆ ಹೆಣ್ಮಕ್ಕಳಿಗೆ ಬರದೀಯೇನು?’

‘ಹಂಗ ಬರೀಬೇಕು ಅಂತ ಎಲ್ಲೂ ಇಲ್ರಿ ಮೇಡಮ್.’

‘ಆಕಿ ಮುಂಜಾನಿ ಕೆಲಸ ಬಿಟ್ಟು ನಿನಗ ಹೇಳ್ಯಾಳ. ಆಕಿ ಮಾತು ಎಲ್ಲಿ ಹೋತು ಅಂತ ಆಕಿಗೆ ತಿಳೀಬ್ಯಾಡೇನು?’

ಮರಳಿ ಬಂದು ಸಾಹೇಬರ ಒಪ್ಪಿಗೆ ಪಡೆದು ಬರೆಯಲು ಕೂತೆ. ಬೆಂಗಳೂರಿನಿಂದ ಬಂದ ಟಿಪ್ಪಣಿ ನೋಡಿ, ಒಪ್ಪದ ಪ್ರತಿ ಆಕ್ಷೇಪಣೆಗೂ ಕಾರಣ ಬರೆದು ಅವರವರ ಮನೆಗೆ ಕಳಿಸಿದೆ. ಅವುಗಳಲ್ಲಿ ಗಂಗವ್ವನದೂ ಒಂದಿತ್ತು. ಮನೆಯಲ್ಲಿ ಬಿಡಿಸುವುದರ ಜೊತೆಗೆ ಆಕೆ ಇನ್ನೊಂದು ಮಾತು ಬರೆದಿದ್ದಳು: ಶೆಡ್ಡುಗಳಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಇರಬೇಕು ಎಂದು ನಿಯಮದಲ್ಲೇ ಸೇರಿಸಿರಿ ಅಂತ. ಅದಕ್ಕೆ ಉತ್ತರ: ‘ಸದರಿ ವಿಷಯವು ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ.’

ವಾರದೊಳಗೆ ಗಂಗವ್ವ ಕಚೇರಿಗೆ ಬಂದಳು. ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬ್ಯಾಡಗಿಯಿಂದ ಬಸ್ಸು ಹತ್ತಿ, ಒಬ್ಬಳೇ. ನನ್ನ ಪತ್ರವನ್ನು ಮೇಜಿನ ಮೇಲಿಟ್ಟಳು.

‘ಈ ಕಾರಣ ನನಗ ಒಪ್ಪಿಗಿ ಇಲ್ರಿ ಅಣ್ಣಾರ.’

‘ಕುಂದ್ರು ಗಂಗವ್ವ. ಯಾಕ?’

‘ಶೆಡ್ಡಿನ ನೆಲಾ ಎಂಥದಿರಬೇಕು ಅಂತ ಇದರಾಗ ಐತಿ. ಕಿಡಕಿ ಎಷ್ಟಿರಬೇಕು ಅಂತ ಐತಿ. ಚೀಲಾ ಗ್ವಾಡಿಯಿಂದ ಎಷ್ಟ ದೂರ ಇಡಬೇಕು ಅಂತ್ಲೂ ಐತಿ. ನಸುಕಿನಿಂದ ಸಂಜೀತನಕ ದುಡಿಯು ಹೆಣಮಗಳು ಎಲ್ಲಿ ಹೋಗಬೇಕು ಅನ್ನೂದು ಇದರಾಗ ಬರಲಿಲ್ಲಂದ್ರ ಮತ್ತ್ಯಾವ ನಿಯಮದಾಗ ಬರತೈತಿ ಹೇಳ್ರಿ.’

ನಾನು ನಿಯಮದ ಪುಸ್ತಕ ತಿರುವಿದೆ. ತಿರುವುತ್ತಲೇ ಇದ್ದೆ. ಕೊನೆಗೆ ರಾಣೇಬೆನ್ನೂರಿಗೆ ಫೋನ್ ಹಚ್ಚಿ ಗಂಗವ್ವನ ಕೈಗೇ ಕೊಟ್ಟೆ. ‘ಹೌದ್ರಿ ಅಕ್ಕಾರ... ಹೂಂ ರೀ, ಬರದಾರ್ರಿ... ಅವರು ಕೊಟ್ಟ ಕಾರಣಾನ ಸರಿ ಇಲ್ರಿ’ ಎಂದು ಆಕೆ ಎಲ್ಲ ಹೇಳಿದಳು. ಆ ಕಡೆಯ ನಗೆ ನನ್ನ ಕುರ್ಚಿಯವರೆಗೂ ಕೇಳಿಸಿತು. ಫೋನ್ ನನಗೆ ಬಂತು.

‘ಆಕಿ ಕೇಳೂದಕ್ಕ ನಿನ್ನ ಕಡೆ ಉತ್ತರ ಐತೇನು ತಮ್ಮಾ?’

‘ಇಲ್ರಿ ಮೇಡಮ್.’

‘ಹಂಗಾರ ಹಂಗ ಬರದು ಕಳಸು.’

ಗಂಗವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದೆ. ಕೆಳಗೆ, ‘ಅರ್ಜಿದಾರರ ಈ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿ ಉತ್ತರವಿಲ್ಲ. ನಿಯಮದ ತಿದ್ದುಪಡಿಗೆ ಪರಿಗಣಿಸಬೇಕಾಗಿ ಕೋರಿದೆ’ ಎಂದು ಸೇರಿಸಿದೆ. ಸರ್ಕಾರಿ ಕಾಗದದಲ್ಲಿ ಅಂಥ ಮಾತು ಬರೆಯುವಾಗ ಎದೆ ಹಿಗ್ಗಿತು. ಸಾಹೇಬರು ಎರಡು ಸಲ ಓದಿದರು. ಪೆನ್ನು ಹಿಡಿದು, ಎದುರಿಗೆ ನಿಂತ ಗಂಗವ್ವನನ್ನು ನೋಡಿ, ಸಹಿ ಮಾಡಿದರು. ಆಕೆ ಪೂರ್ತಿ ಓದಿ, ಒಂದು ಪ್ರತಿ ಕೇಳಿ ಪಡೆದು, ಮಡಚಿ ಕೈಚೀಲದಲ್ಲಿಟ್ಟುಕೊಂಡಳು. ‘ಉತ್ತರ ಬರಲಿಲ್ಲಂದ್ರ ಮತ್ತ ಬರತೇನ್ರಿ’ ಎಂದು ಹೇಳಿ ಬ್ಯಾಡಗಿಯ ಬಸ್ಸಿಗೆ ಓಡಿದಳು.